10,000 ಅಡಿ ಮತ್ತು ಒಂದು ಕುದುರೆ

ಎಂಜಿನ್‌ಗೆ ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಯಾವ ಲಿವರ್ ಮೊದಲು, ಯಾವ ಹ್ಯಾಂಡಲ್ ಆಮೇಲೆ, ಎಲ್ಲ ಬಾಯಿಪಾಠ. ಆದರೆ ಕೆಲಸಕ್ಕೆ ಸೇರಿದ ಮೊದಲ ದಿನ, ಸಿಬ್ಬಂದಿ ಕೊಠಡಿಯ ಬಾಗಿಲು ತೆಗೆಯಲು ಗೊತ್ತಾಗದೆ ಹನ್ನೊಂದು ನಿಮಿಷ ಹೊರಗೆ ನಿಂತಿದ್ದೆ. ಗೋಡೆಯಲ್ಲಿ ನಂಬರ್ ಒತ್ತುವ ಡಬ್ಬಿ ಇತ್ತು. ನನಗೆ ಯಾರೂ ನಂಬರ್ ಹೇಳಿರಲಿಲ್ಲ. ಹುಟ್ಟಿದ ದಿನ ಒತ್ತಿದೆ, 1234 ಒತ್ತಿದೆ, ವಿಮಾನ ಅಪಹರಣವಾದಾಗ ಹಾಕುವ 7500 ಕೂಡ ಒತ್ತಿ ನೋಡಿದೆ. ಕೊನೆಗೆ ಕಸ ಗುಡಿಸುವ ಅಕ್ಕ ಬಕೆಟ್ ಹಿಡಿದುಕೊಂಡು ಬಂದು ಮೊಣಕೈಯಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಚಿಲಕವೇ ಹಾಕಿರಲಿಲ್ಲ.

ಸಣ್ಣ ಊರುಗಳಿಗೆ ಸಣ್ಣ ವಿಮಾನ ಹಾರಿಸುವ ಕಂಪನಿ ನಮ್ಮದು. ಭುಜದ ಮೇಲೆ ಎರಡು ಪಟ್ಟಿ ಬಂದಿತ್ತು. ಪಕ್ಕದಲ್ಲಿ ಕೂರುವ ಕ್ಯಾಪ್ಟನ್‌ಗೆ ನಾಲ್ಕು. ಉಳಿದೆರಡು ಪಟ್ಟಿ ಬರುವಷ್ಟರಲ್ಲಿ ತಲೆಗೂದಲು ಇರುತ್ತದೋ ಇಲ್ಲವೋ ಅನ್ನುವುದು ಬೇರೆ ಮಾತು.

ಇಲ್ಲಿಯವರೆಗಿನ ಓದು ನಡೆದದ್ದು ಗೋಡೆಯ ಜೊತೆ. ಕಾಕ್‌ಪಿಟ್‌ನ ದೊಡ್ಡ ಪೋಸ್ಟರ್ ಒಂದನ್ನು ಕೋಣೆಯ ಗೋಡೆಗೆ ಅಂಟಿಸಿ, ಅದರ ಮುಂದೆ ಕುರ್ಚಿ ಹಾಕಿಕೊಂಡು, ಕಾಗದದ ಗುಂಡಿಗಳನ್ನು ಒತ್ತಿ ಒತ್ತಿ ಕೈಗೆ ಅಭ್ಯಾಸ ಮಾಡಿಸಬೇಕು. ಎಲ್ಲ ಪೈಲಟ್‌ಗಳೂ ಮಾಡುವ ಕೆಲಸವೇ ಇದು, ನನ್ನ ಹುಚ್ಚಲ್ಲ. ಆದರೆ ಮನೆಗೆ ಬಂದಿದ್ದ ಅತ್ತೆಗೆ ಅದು ಗೊತ್ತಿರಲಿಲ್ಲ. ನಾನು ಗೋಡೆಗೆ ಬೆರಳು ತೋರಿಸುತ್ತಾ "ಲೆಫ್ಟ್ ಎಂಜಿನ್ ಸ್ಟಾರ್ಟ್" ಅಂತ ಹೇಳಿ, ಉತ್ತರವನ್ನೂ ನಾನೇ ಕೊಟ್ಟುಕೊಳ್ಳುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೋಗಿ, "ಹುಡುಗನಿಗೆ ನಿದ್ದೆ ಸರಿಯಾಗಿ ಬರ್ತಿದೆಯಾ?" ಅಂತ ಅಮ್ಮನನ್ನು ಕೇಳಿದರಂತೆ.

ನಿದ್ದೆ ಬರುತ್ತಿರಲಿಲ್ಲ ಅನ್ನುವುದೂ ನಿಜ. ಗೋಡೆ ಆದ ಮೇಲೆ ಸಿಮ್ಯುಲೇಟರ್. ಅದು ಕೋಟಿಗಟ್ಟಲೆ ಬೆಲೆಯ ಯಂತ್ರ, ಹಗಲು ರಾತ್ರಿ ಬಿಡುವಿಲ್ಲದೆ ದುಡಿಯುತ್ತದೆ. ಹೊಸಬರ ಪಾಲಿಗೆ ಬರುವುದು ರಾತ್ರಿ ಎರಡು ಗಂಟೆಯ ಪಾಳಿ. ಒಂದು ಸಲ ಒಳಗೆ ಹೋದರೆ ನಾಲ್ಕು ಗಂಟೆ. ಅಷ್ಟರಲ್ಲಿ ಎಂಜಿನ್ ಕೆಡುತ್ತದೆ, ಬೆಂಕಿ ಬೀಳುತ್ತದೆ, ಚಕ್ರ ಇಳಿಯುವುದಿಲ್ಲ, ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಹಿಂದೆ ಕೂತ ಶಿಕ್ಷಕರು ಚಹಾ ಕುಡಿಯುತ್ತಾ ಒಂದೊಂದೇ ಗುಂಡಿ ಒತ್ತಿ ನಮಗೆ ಕಷ್ಟ ಕೊಡುತ್ತಿರುತ್ತಾರೆ. ಸಿಮ್ಯುಲೇಟರ್‌ನಲ್ಲಿ ನನ್ನ ಎಂಜಿನ್ ಎಷ್ಟು ಸಲ ಕೆಟ್ಟಿತ್ತು ಅಂದರೆ, ನಿಜವಾದ ವಿಮಾನದಲ್ಲಿ ಎರಡೂ ಎಂಜಿನ್ ಸರಿಯಾಗಿ ಓಡುತ್ತಿರುವುದನ್ನು ಮೊದಲ ದಿನ ನೋಡಿ ನನಗೆ ಅನುಮಾನ ಬಂತು.

ನಿಜವಾದ ವಿಮಾನ ಅಂದರೆ ಎಟಿಆರ್ 72. ಫ್ರಾನ್ಸ್, ಇಟಲಿ ಸೇರಿ ಮಾಡಿದ್ದು, ಮೊದಲ ಸಲ ಹಾರಿದ್ದು 1988ರಲ್ಲಿ. ಸುಮಾರು ಎಪ್ಪತ್ತು ಸೀಟು, ರೆಕ್ಕೆ ಮೇಲ್ಗಡೆ, ಎರಡು ಪ್ರೊಪೆಲ್ಲರ್. ಜನ ಇದನ್ನು ಕರೆಯುವುದು ಫ್ಯಾನ್ ವಿಮಾನ ಅಂತ. ಒಳಗಿರುವುದು ಜೆಟ್‌ನ ಜಾತಿಯದೇ ಎಂಜಿನ್, ಅದು ತನ್ನ ಶಕ್ತಿಯನ್ನು ಪ್ರೊಪೆಲ್ಲರ್ ತಿರುಗಿಸಲು ಕೊಡುತ್ತದೆ, ಹತ್ತಿರದ ಊರುಗಳಿಗೆ ಇದರಲ್ಲಿ ಇಂಧನ ಕಡಿಮೆ ಸಾಕು ಅಂತೆಲ್ಲ ಎಷ್ಟು ಹೇಳಿದರೂ ಅಷ್ಟೇ. ಫ್ಯಾನ್ ಅಂದರೆ ಫ್ಯಾನ್.

ಒಂದು ದಿನ ಹಾರುವ ಮೊದಲು ವಿಮಾನದ ಸುತ್ತ ಒಂದು ಸುತ್ತು ಬರುತ್ತಿದ್ದೆ. ಟೈರು, ಬ್ರೇಕು, ಪೈಪು ಎಲ್ಲ ಬಗ್ಗಿ ನೋಡಬೇಕು. ಹೊಸಬ ಅಲ್ವಾ, ಜಾಸ್ತಿಯೇ ಬಗ್ಗಿದೆ. ಮುಂದಿನ ಚಕ್ರದ ಬಾಗಿಲಿಗೆ ತಲೆ ಹೊಡೆಸಿಕೊಂಡು, ಯಾರೂ ನೋಡಲಿಲ್ಲ ಅಂದುಕೊಂಡು ತಲೆ ಉಜ್ಜಿಕೊಳ್ಳುತ್ತಾ ಎದ್ದರೆ, ಹತ್ತಲು ಸಾಲು ನಿಂತಿದ್ದ ಇಡೀ ಗುಂಪು ನನ್ನನ್ನೇ ನೋಡುತ್ತಿದೆ. ಅವರಲ್ಲಿ ಒಬ್ಬ ಹಿರಿಯರು ಕೇಳಿದರು, "ಏನಪ್ಪಾ, ಎಂಜಿನ್ ಸದ್ದು ಬರ್ತಿದೆ, ಫ್ಯಾನ್ ಮಾತ್ರ ತಿರುಗ್ತಿಲ್ಲ?"

ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಕೂಡ. ಈ ವಿಮಾನದಲ್ಲಿ, ನಿಂತಾಗ ಕರೆಂಟು, ತಂಪು ಗಾಳಿ ಕೊಡಲು ದೊಡ್ಡ ಜೆಟ್‌ಗಳಲ್ಲಿ ಇರುವಂಥ ಪುಟ್ಟ ಎಂಜಿನ್ ಬಾಲದಲ್ಲಿ ಇರುವುದಿಲ್ಲ. ಬಲಗಡೆಯ ಎಂಜಿನ್ ಅನ್ನೇ ಓಡಿಸಿ, ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಹಿಡಿದಿಡುತ್ತಾರೆ. ಇಷ್ಟನ್ನು ಉತ್ಸಾಹದಿಂದ ವಿವರಿಸಿ, ಕೊನೆಯಲ್ಲಿ ಜಂಬಕ್ಕೆ ಒಂದು ಮಾತು ಸೇರಿಸಿದೆ: "ಇದಕ್ಕೆ ಹೋಟೆಲ್ ಮೋಡ್ ಅಂತಾರೆ ಸರ್."

"ಓಹೋ," ಅಂದರು ಅವರು. ಹಿಂದಕ್ಕೆ ತಿರುಗಿ ಹೆಂಡತಿಗೆ ಹೇಳಿದರು, "ತಿಂಡಿ ಕೊಡ್ತಾರಂತೆ ಕಣೇ."

ಇಂಧನದ ಕಥೆ ಇದಕ್ಕಿಂತ ಸ್ವಲ್ಪ ಗಂಭೀರ. ಆವತ್ತು ಟ್ಯಾಂಕಿನಲ್ಲಿ 1,200 ಕಿಲೋ ಇತ್ತು, 2,000 ಬೇಕಿತ್ತು. ಇಂಧನದ ಟ್ರಕ್ಕಿನವರು ಬಂದು "ಎಷ್ಟು ಹಾಕ್ಲಿ?" ಅಂದರು. ಬೈಕಿಗೆ ಪೆಟ್ರೋಲ್ ಹಾಕಿಸಿ ರೂಢಿಯಾದ ಬಾಯಿ ತಕ್ಷಣ "ಎಂಟುನೂರು" ಅಂದುಬಿಟ್ಟಿತು. ನಾವು ಲೆಕ್ಕ ಹಾಕುವುದು ಕಿಲೋದಲ್ಲಿ, ಅವರ ಮೀಟರ್ ಓಡುವುದು ಲೀಟರ್‌ನಲ್ಲಿ. ವಿಮಾನದ ಇಂಧನ ಲೀಟರಿಗೆ ಸುಮಾರು 0.8 ಕಿಲೋ ತೂಗುತ್ತದೆ. ಅಂದರೆ ನಾನು 1,000 ಅನ್ನಬೇಕಿತ್ತು. ಕಾಕ್‌ಪಿಟ್‌ಗೆ ಬಂದರೆ ಕ್ಯಾಪ್ಟನ್ ಮೀಟರ್ ನೋಡಿದರು: 1,840. ನನ್ನನ್ನು ನೋಡಿದರು. ಮತ್ತೆ ಮೀಟರ್ ನೋಡಿದರು.

"1983ರಲ್ಲಿ ಕೆನಡಾದಲ್ಲಿ ಏನಾಯ್ತು ಗೊತ್ತಾ?"

ಗೊತ್ತಿತ್ತು. ಪೈಲಟ್ ಆದವರಿಗೆಲ್ಲ ಗೊತ್ತು. ಪೌಂಡ್ ಮತ್ತು ಕಿಲೋ ಅದಲುಬದಲಾಗಿ, ಒಂದು ದೊಡ್ಡ ಬೋಯಿಂಗ್ 767ರ ಇಂಧನ ಆಕಾಶದಲ್ಲೇ ಮುಗಿದುಹೋಗಿತ್ತು. ಪೈಲಟ್‌ಗಳು ಅದನ್ನು ಗ್ಲೈಡರ್ ಥರ ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುಪಡೆ ರನ್‌ವೇಯಲ್ಲಿ ಇಳಿಸಿದರು. ಆ ದಿನ ಅಲ್ಲಿ ಕಾರ್ ರೇಸ್‌ನವರು ಸೇರಿದ್ದರು. ಆದರೂ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

"ನಮ್ಮ ದಾರೀಲಿ ಅಂಥ ರನ್‌ವೇ ಇಲ್ಲ," ಅಂದರು ಕ್ಯಾಪ್ಟನ್. ಅಷ್ಟೇ. ನಾನು ಕೆಳಗಿಳಿದು ಓಡಿದೆ. ಟ್ರಕ್ಕಿನವರು ಆಗಲೇ ಪೈಪ್ ಸುತ್ತಿಟ್ಟಿದ್ದರು. "ಇನ್ನೊಂದು ಇನ್ನೂರು ಲೀಟರ್" ಅಂದಾಗ ಅವರು ನೋಡಿದ ನೋಟ ಇದೆಯಲ್ಲ, ಆಮೇಲೆ ಎಂದೂ ಲೆಕ್ಕ ತಪ್ಪಿಲ್ಲ.

ಈ ಕ್ಯಾಪ್ಟನ್ ಬಗ್ಗೆ ಹೇಳಲೇಬೇಕು. ಮೊದಲ ಸಲ ಅವರ ಜೊತೆ ಹಾರಿದಾಗ, ನನ್ನ ಮೇಲೆ ಅವರಿಗೆ ಏನೋ ಸಿಟ್ಟಿದೆ ಅಂದುಕೊಂಡಿದ್ದೆ. ಎಂಜಿನ್ ಶುರುವಾದ ಮೇಲೆ ಕೆಲಸದ ಮಾತು ಬಿಟ್ಟು ಒಂದೂ ಇಲ್ಲ. ನಾನು "ಇವತ್ತು ಆಕಾಶ ಚೆನ್ನಾಗಿದೆ ಸರ್" ಅಂದರೆ, ಕಿವಿ ಕೇಳಿಸದವರ ಹಾಗೆ ಕೂತಿದ್ದರು. ಸೀದಾ ಮುಂದೆ ನೋಟ. ವಿಮಾನ ಏರುತ್ತಾ ಹೋಯಿತು. ಎಂಟು ಸಾವಿರ, ಒಂಬತ್ತು ಸಾವಿರ. ಮುಳ್ಳು ಹತ್ತು ಸಾವಿರ ಅಡಿ ದಾಟಿದ್ದೇ ತಡ, ಅವರು ಸೀಟು ಹಿಂದಕ್ಕೆ ಸರಿಸಿ ಕಾಲು ಚಾಚಿ ನನ್ನ ಕಡೆ ತಿರುಗಿದರು.

"ನಮ್ಮ ಭಾವಮೈದ ಒಂದು ಕುದುರೆ ತಗೊಂಡ."

ಆಮೇಲೆ ನೆನಪಾಯಿತು. 10,000 ಅಡಿಗಿಂತ ಕೆಳಗೆ ಕಾಕ್‌ಪಿಟ್‌ನಲ್ಲಿ ಕೆಲಸಕ್ಕೆ ಬಾರದ ಮಾತು ಆಡಕೂಡದು. ಎಲ್ಲ ಪೈಲಟ್‌ಗಳಿಗೂ ಗೊತ್ತಿರುವ ನಿಯಮ. ನಾನು ಅದನ್ನು ಪರೀಕ್ಷೆಗೆ ಓದಿದ್ದೆ. ಅವರು ಹಾಗೇ ಬದುಕುತ್ತಿದ್ದರು.

ಕುದುರೆಯ ಕಥೆ ಬಹಳ ಚೆನ್ನಾಗಿತ್ತು. ಭಾವಮೈದನಿಗೆ ಕುದುರೆ ಬಗ್ಗೆ ಏನೂ ಗೊತ್ತಿಲ್ಲ. ಯಾರೋ ಅರ್ಧ ಬೆಲೆಗೆ ಕೊಟ್ಟರು ಅಂತ ತಂದ. ಕಟ್ಟಲು ಜಾಗ ಇಲ್ಲ, ಕಾರ್ ಶೆಡ್‌ನಲ್ಲಿ ಕಟ್ಟಿದ. ಕಾರು ರಸ್ತೆಗೆ ಬಂತು. ರಾತ್ರಿ ಕುದುರೆ ಹಗ್ಗ ಕಡಿದುಕೊಂಡು, ಹಿಂದಿನ ಬಾಗಿಲಿನಿಂದ ಸೀದಾ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಅವನ ಅತ್ತೆ ನೀರು ಕುಡಿಯಲು ಎದ್ದು ಬಂದವರು, ಕತ್ತಲಲ್ಲಿ ಲೈಟ್ ಹಾಕಿದ್ದಾರೆ. ಹಾಕಿ ನೋಡಿದರೆ...

ಮುಳ್ಳು ಹತ್ತು ಸಾವಿರಕ್ಕೆ ಇಳಿಯಿತು. ಕ್ಯಾಪ್ಟನ್ ಸೀಟು ಮುಂದಕ್ಕೆ ಎಳೆದುಕೊಂಡರು.

"ಅಪ್ರೋಚ್ ಚೆಕ್‌ಲಿಸ್ಟ್," ಅಂದರು.

ನಮ್ಮ ಹಾರಾಟ ಮುಕ್ಕಾಲು ಗಂಟೆಯದ್ದು. ಏರುವುದು, ಇಳಿಯುವುದು ಕಳೆದರೆ ಹತ್ತು ಸಾವಿರದ ಮೇಲೆ ಸಿಗುವುದು ಇಪ್ಪತ್ತು ಚಿಲ್ಲರೆ ನಿಮಿಷ. ಇಳಿದ ಮೇಲೆ ಕಾಗದ ಪತ್ರ, ಇಂಧನ, ಲಗೇಜಿನ ಲೆಕ್ಕ ಅಂತ ಅರ್ಧ ಗಂಟೆ ಉಸಿರಾಡಲು ಬಿಡುವಿಲ್ಲ. ಹಾಗಾಗಿ ಅವರ ಕಥೆಗಳೆಲ್ಲ ಧಾರಾವಾಹಿ.

ವಾಪಸು ಬರುವಾಗ ಕುದುರೆ ಏನಾಯಿತು ಅಂತ ಕಾಯುತ್ತಿದ್ದೆ. ಮೇಲೆ ಹೋದದ್ದೇ ಕ್ಯಾಪ್ಟನ್ ಬಾಯಿ ತೆರೆದರು. ಅಷ್ಟರಲ್ಲಿ ನಾನು ಹೊಸದಾಗಿ ಕೊಂಡ ತಂಪು ಕನ್ನಡಕ ಹಾಕಿಕೊಂಡೆ. ಪೈಲಟ್ ಅಂದ ಮೇಲೆ ಕನ್ನಡಕ ಇಲ್ಲದಿದ್ದರೆ ಹೇಗೆ? ಹಾಕಿದೆ, ತಲೆ ಸ್ವಲ್ಪ ವಾರೆ ಮಾಡಿದೆ, ಮುಂದಿನ ಸ್ಕ್ರೀನ್ ಕಪ್ಪಾಯಿತು. ಎದೆ ಧಸಕ್ಕೆಂದಿತು.

"ಸರ್, ಡಿಸ್‌ಪ್ಲೇ ಹೋಯ್ತು!"

ಅವರು ನೋಡಿದರು. "ಇದೆಯಲ್ಲ."

"ಇಲ್ಲ ಸರ್, ಪೂರ್ತಿ ಕತ್ತಲೆ. ಪಕ್ಕದ್ದೂ ಹೋಗ್ತಾ ಇದೆ!" ನಾನಾಗಲೇ ತುರ್ತು ಪುಸ್ತಕಕ್ಕೆ ಕೈ ಹಾಕಿದ್ದೆ.

ಕ್ಯಾಪ್ಟನ್ ಕೈ ಚಾಚಿ ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದರು. ಡಿಸ್‌ಪ್ಲೇ ಬಂತು. ಪೋಲರೈಸ್ಡ್ ಗಾಜು ಇಂಥ ಸ್ಕ್ರೀನ್‌ಗಳ ಬೆಳಕನ್ನು ಕೆಲವು ಕೋನಗಳಲ್ಲಿ ಪೂರ್ತಿ ತಡೆದುಬಿಡುತ್ತದೆ, ಪೈಲಟ್‌ಗಳು ಅದನ್ನು ಹಾಕಬಾರದು. ಅಂಗಡಿಯವನು ಮಾತ್ರ "ಪೈಲಟ್ ಗ್ಲಾಸ್ ಸರ್ ಇದು" ಅಂತಲೇ ಮಾರಿದ್ದ. ಇದರ ಬಗ್ಗೆ ಕ್ಯಾಪ್ಟನ್ ಪಾಠ ಮಾಡಿ ಮುಗಿಸುವಷ್ಟರಲ್ಲಿ ಹತ್ತು ಸಾವಿರ ಬಂದೇ ಬಿಟ್ಟಿತು. ಕುದುರೆ ಅಡುಗೆಮನೆಯಲ್ಲೇ ಉಳಿಯಿತು.

ಮೂರನೆಯ ಹಾರಾಟದಲ್ಲಿ ಅದನ್ನು ಕೆಡಿಸಿದ್ದೂ ನಾನೇ. "ಪ್ರಯಾಣಿಕರಿಗೆ ಒಂದು ಮಾತು ಹೇಳಿಬಿಡಿ, ಆಮೇಲೆ ಕಥೆ," ಅಂದರು. ನಾನು ಇದಕ್ಕಾಗಿ ಕನ್ನಡಿ ಮುಂದೆ ಒಂದು ವಾರ ತಯಾರಿ ಮಾಡಿದ್ದೆ. ಗಂಟಲು ಸರಿಮಾಡಿಕೊಂಡು, ಗುಂಡಿ ಒತ್ತಿ, ದಪ್ಪ ದನಿಯಲ್ಲಿ ಶುರು ಮಾಡಿದೆ. ಎಲ್ಲರಿಗೂ ನಮಸ್ಕಾರ, ನಾವೀಗ 17,000 ಅಡಿ ಎತ್ತರದಲ್ಲಿದ್ದೇವೆ, ಹವಾಮಾನ ಹಿತವಾಗಿದೆ, ಆರಾಮಾಗಿ ಕೂತು ಪ್ರಯಾಣವನ್ನು ಆನಂದಿಸಿ.

ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡಿದ್ದರು.

ಹೆಡ್‌ಸೆಟ್‌ನಲ್ಲಿ ಎರಡು ಸೆಕೆಂಡ್ ಮೌನ. ಆಮೇಲೆ ಯಾವುದೋ ದೊಡ್ಡ ವಿಮಾನದ ಪೈಲಟ್ ದನಿ: "ಥ್ಯಾಂಕ್ಯೂ ಕ್ಯಾಪ್ಟನ್, ನಾವು ಆರಾಮಾಗಿ ಕೂತಿದ್ದೇವೆ." ಇನ್ನೊಬ್ಬರು: "ನನಗೆ ಒಂದು ದಿಂಬು ಸಿಗುತ್ತಾ?" ಕೊನೆಗೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್, ನಗು ತಡೆದುಕೊಂಡ ದನಿಯಲ್ಲಿ, "ಸ್ವಾಗತಕ್ಕೆ ಧನ್ಯವಾದ. ಇದೇ ಎತ್ತರದಲ್ಲಿ ಮುಂದುವರಿಯಿರಿ."

ಸುತ್ತಲಿನ ಆಕಾಶಕ್ಕೆಲ್ಲ ಸ್ವಾಗತ ಕೋರಿದ್ದೆ, ಹಿಂದೆ ಕೂತವರನ್ನು ಬಿಟ್ಟು. ಈ ಸಲ ಸರಿಯಾದ ಗುಂಡಿ ನೋಡಿ ಒತ್ತಿದೆ. ಆದರೆ ಗಾಬರಿಯಲ್ಲಿ ಪ್ರಯಾಣಿಕರಿಗೆ ಮೊದಲು ನಮ್ಮ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ವಿಮಾನದ ಹೆಸರು, ಹೇಳಿ, ಎತ್ತರ ಹೇಳಿ, ಅವರ ಉತ್ತರಕ್ಕಾಗಿ ಕಾದೆ.

ಅದೇ ಹಾರಾಟದ ಲ್ಯಾಂಡಿಂಗ್ ನನ್ನದು. ಹೆಚ್ಚೇನೂ ಹೇಳುವುದಿಲ್ಲ. ರನ್‌ವೇ ನಾನು ಅಂದುಕೊಂಡದ್ದಕ್ಕಿಂತ ಸ್ವಲ್ಪ ಮೊದಲೇ ಬಂತು. ವಿಮಾನ ನಿಂತ ಮೇಲೆ ಕ್ಯಾಪ್ಟನ್ ನಿಧಾನಕ್ಕೆ ಬಗ್ಗಿ ಕೆಳಗೆ ಬಿದ್ದಿದ್ದ ಪೆನ್ನು ಎತ್ತಿಕೊಂಡರು. ಗಡಿಯಾರ ನೋಡಿದರು. "ಟೈಮಿಗೆ ಬಂದಿದ್ದೇವೆ," ಅಂದರು.

ಎಟಿಆರ್ ಮಾಡಿದವರು ಹೊಸ ಪೈಲಟ್‌ಗಳ ಮೇಲೆ ಒಂದು ದೊಡ್ಡ ಉಪಕಾರ ಮಾಡಿದ್ದಾರೆ. ಪ್ರಯಾಣಿಕರ ಬಾಗಿಲನ್ನು ಹಿಂದೆ ಇಟ್ಟಿದ್ದಾರೆ. ನಮಗೂ ಅವರಿಗೂ ನಡುವೆ ಲಗೇಜಿನ ಕೋಣೆ ಬೇರೆ. ದೊಡ್ಡ ವಿಮಾನದವರ ಹಾಗೆ ಬಾಗಿಲಲ್ಲಿ ನಿಂತು, ಸೊಂಟ ಹಿಡಿದುಕೊಂಡು ಇಳಿಯುವವರಿಗೆ ನಗುನಗುತ್ತಾ ನಮಸ್ಕಾರ ಹೇಳುವ ಶಿಕ್ಷೆ ನಮಗಿಲ್ಲ. ಆದರೆ ಆವತ್ತು ನಮ್ಮ ವ್ಯಾನ್ ಬರಲಿಲ್ಲ. ಪ್ರಯಾಣಿಕರ ಬಸ್ಸಿನಲ್ಲೇ ಹೋಗಬೇಕಾಯಿತು.

ಹತ್ತಿದ ಕೂಡಲೇ ಮಾತು ನಿಂತಿತು. ಹೋಟೆಲ್ ಮೋಡ್‌ನ ಹಿರಿಯರು ಅಲ್ಲೂ ಇದ್ದರು, ಅವರ ವಾಪಸು ಪ್ರಯಾಣ ಇರಬೇಕು. ನನ್ನ ಗುರುತು ಹಿಡಿದರು.

"ನೀವೇ ಏನಪ್ಪಾ ಓಡಿಸಿದ್ದು?"

"ನಾನು ಪಕ್ಕದಲ್ಲಿ ಕೂತಿದ್ದೆ ಸರ್," ಅಂದೆ. ಸುಳ್ಳಲ್ಲ.

ಅವರು ಕ್ಯಾಪ್ಟನ್ ಕಡೆ ತಿರುಗಿದರು. ಇಡೀ ಬಸ್ಸು ತಿರುಗಿತು. ಕ್ಯಾಪ್ಟನ್ ನನ್ನನ್ನು ಒಂದು ಸಲ ನೋಡಿ, "ಗಾಳಿ ಸ್ವಲ್ಪ ಜಾಸ್ತಿ ಇತ್ತು," ಅಂದರು. ಹೊರಗೆ ಕಂಬದ ಮೇಲಿನ ಗಾಳಿಚೀಲ ಒಗೆದು ಒಣಗಹಾಕಿದ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ಪುಣ್ಯಕ್ಕೆ ಯಾರೂ ಆ ಕಡೆ ನೋಡಲಿಲ್ಲ.

ಮರುದಿನ ರೋಸ್ಟರ್ ಬದಲಾಯಿತು. ನನಗೆ ಬೇರೆ ಕ್ಯಾಪ್ಟನ್. ಇವರು ಹತ್ತು ಸಾವಿರದ ಮೇಲೆ ಷೇರು ಮಾರುಕಟ್ಟೆಯ ಬಗ್ಗೆ ಮಾತಾಡುತ್ತಾರೆ, ಕೆಳಗೆ ಬಂದರೆ ನನಗೇ ಸಮಾಧಾನ. ಮೂರು ತಿಂಗಳು ಹೀಗೇ ಕಳೆಯಿತು. ಬಾಗಿಲುಗಳೆಲ್ಲ ಅಭ್ಯಾಸವಾದವು. ಕನ್ನಡಕ ಬದಲಾಯಿಸಿದೆ. ಕುದುರೆ ಮಾತ್ರ ತಲೆಯಿಂದ ಹೋಗಿರಲಿಲ್ಲ.

ಮೊನ್ನೆ ಬೆಳಿಗ್ಗೆ ನಾನು ವಿಮಾನದ ಕಡೆ ಹೋಗುತ್ತಿದ್ದೆ, ಅವರು ತಮ್ಮ ವಿಮಾನ ಇಳಿದು ಎದುರಿಗೆ ಬರುತ್ತಿದ್ದರು. ಪಕ್ಕದಲ್ಲೇ ಇನ್ನೊಂದು ಎಟಿಆರ್‌ನ ಎರಡೂ ಪ್ರೊಪೆಲ್ಲರ್ ತಿರುಗುತ್ತಿದ್ದವು. ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದೆ, "ಸರ್, ಕುದುರೆ ಏನಾಯ್ತು?"

ಅವರು ನಿಂತರು. ಮುಖ ಅರಳಿತು. ಬ್ಯಾಗ್ ಕೆಳಗಿಟ್ಟು ಏನೋ ಹೇಳತೊಡಗಿದರು. ಒಂದಕ್ಷರ ಕೇಳಿಸಲಿಲ್ಲ. ಬಾಯಿ ಆಡುವುದು ಕಾಣುತ್ತಿತ್ತು, ಕೈ ಆಡುವುದು ಕಾಣುತ್ತಿತ್ತು. ಎಡಗೈಯಲ್ಲಿ ಅತ್ತೆಯನ್ನು ತೋರಿಸಿದರು ಅನಿಸುತ್ತದೆ. ಬಲಗೈ ಕುದುರೆ ಇರಬೇಕು. ಬಲಗೈ ಮೇಲಕ್ಕೆ ಎದ್ದಿತು, ಎಡಗೈ ಅದಕ್ಕಿಂತ ಮೇಲೆ ಹೋಯಿತು, ಎರಡೂ ಸೇರಿ ಗಿರ್ರನೆ ಒಂದು ಸುತ್ತು ತಿರುಗಿದವು. ಕೊನೆಗೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣು ಒರೆಸಿಕೊಂಡರು, ಬ್ಯಾಗ್ ಎತ್ತಿಕೊಂಡು ನನ್ನ ಬೆನ್ನು ತಟ್ಟಿ ಹೊರಟರು.

ನಾನೂ ನಕ್ಕೆ.