ಲೇಬಲ್ ಮೇಲೆ 30 ಡಿಗ್ರಿ, ಒಳಗೆ ಬೇರೆ ಏನೋ

"ಇದೇನು, ಹಲ್ಲಲ್ಲಿ ಕಚ್ಚಿ ತಿರುಗಿಸಿದೆಯಾ?" ಅಂತ ಕೇಳಿದ ಬಂದೂಕು ಸಾಮಾನಿನ ಅಂಗಡಿಯವನು. ಶನಿವಾರ ಮಧ್ಯಾಹ್ನ, ಅಂಗಡಿ ತುಂಬ ಜನ. ನನ್ನ ಕೇಸನ್ನು (ತೋಟಾದ ಹಿತ್ತಾಳೆ ಕೊಳವೆ) ಎರಡು ಬೆರಳಲ್ಲಿ ಹಿಡಿದು, ದೀಪದ ಕಡೆ ಎತ್ತಿ, ಎಲ್ಲರಿಗೂ ಕಾಣೋ ಹಾಗೆ ನಿಧಾನಕ್ಕೆ ತಿರುಗಿಸಿ ತೋರಿಸಿದ. ನನ್ನ ಹಿಂದೆ ನಿಂತಿದ್ದ ಒಬ್ಬ ಮುದುಕ ಬಗ್ಗಿ ನೋಡಿ "ಅಯ್ಯೋ ಪಾಪ" ಅನ್ನೋ ಹಾಗೆ ತಲೆ ಆಡಿಸಿದ. ಉಳಿದವರು ನಕ್ಕರು. ಮನೆಗೆ ಬಂದು ಇಷ್ಟು ಹೊತ್ತಾದರೂ ಆ ನಗು ಕಿವಿಯಿಂದ ಹೋಗುತ್ತಿಲ್ಲ.

ನಾನು ಕೇಳೋಕೆ ಹೋಗಿದ್ದು ಒಂದೇ ಒಂದು ವಿಷಯ. ಕೇಸಿನ ಕುತ್ತಿಗೆಯನ್ನು ಹೊರಗಿನಿಂದ ಹೆರೆದು ತೆಳುವಾಗಿಸೋಕೆ ನೀವು ಕೊಟ್ಟ ಕಟರ್ ತಪ್ಪಾಗಿದೆ, ಪೊಟ್ಟಣದ ಮೇಲೆ 30 ಡಿಗ್ರಿ ಅಂತಿದೆ, ಒಳಗಿನ ಬ್ಲೇಡ್ ಬೇರೆ, ಬದಲಾಯಿಸಿಕೊಡಿ. ಅಷ್ಟೇ.

ನಾನು ಹೊಡೆಯೋದು 6 ಪಿಪಿಸಿ, ನಿಖರ ಗುರಿಯ ಸ್ಪರ್ಧೆಗಳಲ್ಲಿ ಬಳಸೋ ತೋಟಾ. ಅದರ ಕೇಸಿನ ಶೋಲ್ಡರ್, ಅಂದರೆ ಕುತ್ತಿಗೆ ಕೆಳಗಿನ ಇಳಿಜಾರು, 30 ಡಿಗ್ರಿ. ಈ ತೋಟಾ 1975ರಲ್ಲಿ ಪಾಲ್ಮಿಸಾನೋ ಮತ್ತು ಪಿಂಡೆಲ್ ಮಾಡಿದಾಗಿನಿಂದ ಹಾಗೇ ಇದೆ, ಗುಟ್ಟೇನಲ್ಲ. ಕುತ್ತಿಗೆ ಹೆರೆಯುವ ಕಟರ್‌ನ ಮೂತಿಯೂ ಅದೇ ಕೋನದಲ್ಲಿ ಇರಬೇಕು. ಆಗ ಮಾತ್ರ ಅದು ಕುತ್ತಿಗೆ ಪೂರ್ತಿ ಇಳಿದು, ಶೋಲ್ಡರ್ ಸೇರೋ ಮೂಲೆಯನ್ನು ಸ್ವಲ್ಪವೇ ಸ್ವಲ್ಪ ಮುಟ್ಟಿ ನಿಲ್ಲುತ್ತದೆ. ನನ್ನ ಕಟರ್ ಏನು ಮಾಡುತ್ತಿದೆ ಗೊತ್ತಾ? ಮೂಲೆಗೆ ತಲುಪೋ ಮೊದಲೇ ಅದರ ಹೊರಗಿನ ತುದಿ ಶೋಲ್ಡರ್‌ನ ನಡುವೆ ಕಚ್ಚಿಕೊಳ್ಳುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಕುತ್ತಿಗೆ ಬುಡದಲ್ಲಿ ದಪ್ಪ ಉಂಗುರ ಉಳಿಯುತ್ತದೆ. ಮುಂದೆ ತಳ್ಳಿದರೆ ಶೋಲ್ಡರ್ ಮೇಲೆ ಗೀರು. 308 ಅನ್ನೋ ಇನ್ನೊಂದು ತೋಟಾದ ತರಹದ 20 ಡಿಗ್ರಿ ಶೋಲ್ಡರ್‌ಗೆ ಮಾಡಿದ ಕಟರನ್ನು ಪಿಪಿಸಿ ಮೇಲೆ ಬಿಟ್ಟರೆ ಹೀಗೇ ಆಗೋದು.

ಸುಮ್ನೆ ಊಹೆ ಮಾಡಿ ಹೇಳ್ತಿಲ್ಲ. ಶೋಲ್ಡರ್‌ಗೆ ಕಪ್ಪು ಮಾರ್ಕರ್ ಬಳಿದು, ಕಟರನ್ನು ಮುಟ್ಟಿಯೂ ಮುಟ್ಟದ ಹಾಗೆ ಒಂದು ಸುತ್ತು ತಿರುಗಿಸಿದೆ. ಶೋಲ್ಡರ್‌ನ ನಡುವೆ ಕೂದಲೆಳೆಯಷ್ಟು ಹಿತ್ತಾಳೆ ಬಣ್ಣದ ಗೆರೆ ಬಂತು. ಮೂಲೆಯಲ್ಲಿ ಮಸಿ ಹಾಗ್ಹಾಗೇ ಇತ್ತು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಆ ಮಸಿ ಹಚ್ಚಿದ ಕೇಸನ್ನೇ ತಗೊಂಡು ಹೋಗಿದ್ದೆ. ಅವನು ಅದನ್ನು ನೋಡಲೇ ಇಲ್ಲ. ಗೀರು ಬಿದ್ದಿರೋದನ್ನು ಮಾತ್ರ ಆರಿಸಿ ಎತ್ತಿ ಹಿಡಿದ.

"ಕೈ ಜಾಸ್ತಿ ಒತ್ತುತ್ತಿದ್ದೀಯ" ಅಂದ. ಸ್ವಾಮಿ, ಅದಕ್ಕೆ ಸ್ಟಾಪ್ ಇದೆ. ಎಷ್ಟೇ ಒತ್ತಿದರೂ ಸ್ಟಾಪ್ ದಾಟಿ ಹೋಗೋದಿಲ್ಲ. "ಮ್ಯಾಂಡ್ರೆಲ್‌ಗೆ ಎಣ್ಣೆ ಹಾಕಿಲ್ಲ" ಅಂದ (ಹೆರೆಯುವಾಗ ಕುತ್ತಿಗೆಯೊಳಗೆ ಕೂರೋ ಕಡ್ಡಿ ಅದು). ಪ್ರತಿ ಕೇಸಿಗೂ ವ್ಯಾಕ್ಸ್ ಸವರಿದ್ದೇನೆ, ಎಲ್ಲೂ ಹಿತ್ತಾಳೆ ಹಿಡಿದುಕೊಂಡಿಲ್ಲ. "ಕೇಸ್ ಉದ್ದ ಸಮ ಇಲ್ಲ" ಅಂದ. ಮೊದಲೇ ಎಲ್ಲವನ್ನೂ ಟ್ರಿಮ್ ಮಾಡಿದ್ದೇನೆ. ಮಧ್ಯೆ ಮಧ್ಯೆ ನಿಲ್ಲಿಸಿ ಬಿಸಿ ಆರಲು ಬಿಟ್ಟಿದ್ದೇನೆ. ಒಂದೊಂದಕ್ಕೂ ಉತ್ತರ ಕೊಟ್ಟೆ. ಕೊಟ್ಟಷ್ಟೂ ಅವನ ದನಿ ಏರುತ್ತಾ ಹೋಯಿತು. ಕೊನೆಗೆ ನನ್ನ ಉಚ್ಚಾರ ಅರ್ಥ ಆಗದವನ ಹಾಗೆ "ಏನು? ಏನು?" ಅನ್ನೋಕೆ ಶುರು ಮಾಡಿದ. ಕಟರ್ ಮಾರುವಾಗ ಎಲ್ಲ ಅರ್ಥ ಆಗಿತ್ತು, ಅಲ್ವಾ?

ಆಮೇಲೆ ಬಂತು ನೋಡಿ ಆ ಮಾತು. "ಇದು ಎಲ್ಲರಿಗೂ ಆಗೋ ಕೆಲಸ ಅಲ್ಲಪ್ಪ. ಕಂಪನಿ ತೋಟಾ ಒಂದು ಪೆಟ್ಟಿಗೆ ತಗೊಂಡು ಹೋಗು."

ಕಂಪನಿ ತೋಟಾ! ನನ್ನ ಬ್ಯಾರೆಲ್‌ನ ಚೇಂಬರ್ ನೆಕ್, ಅಂದರೆ ತೋಟಾದ ಕುತ್ತಿಗೆ ಕೂರೋ ಜಾಗ, 0.262 ಇಂಚು ಅಗಲ. ಗುಂಡು 0.243. ಕುತ್ತಿಗೆ ಗೋಡೆಯನ್ನು 0.0085ಕ್ಕೆ ಹೆರೆದರೆ ತುಂಬಿದ ತೋಟಾದ ಕುತ್ತಿಗೆ 0.260 ಬರುತ್ತದೆ. ಗುಂಡು ಬಿಡಿಸಿಕೊಳ್ಳೋಕೆ ಇರೋ ಜಾಗ ಅಷ್ಟೇ. ಹೆರೆಯದ ಕುತ್ತಿಗೆ ಅದರೊಳಗೆ ಕೂರೋದೇ ಇಲ್ಲ. ಬಲವಂತವಾಗಿ ತುರುಕಿದರೆ ಒತ್ತಡ ಏರಿ ಅಪಾಯ. ಬೆಂಚ್‌ರೆಸ್ಟ್ (ಮೇಜಿನ ಮೇಲೆ ಬಂದೂಕು ಇಟ್ಟು ಗುರಿ ಹೊಡೆಯೋ ಸ್ಪರ್ಧೆ) ಸಾಮಾನು ಮಾರೋನು ಹೇಳೋ ಮಾತಾ ಇದು? ನಂಬಿಕೊಂಡು ಹೊಸಬ ಯಾರಾದರೂ ಹಾಗೇ ಮಾಡಿದರೆ ಯಾರು ಹೊಣೆ?

ಹೋಗಲಿ ಬಿಡಿ. ಟೆಕ್ಸಾಸ್‌ನಲ್ಲಿ ಕೂತು ಯಾರ ಜೊತೆ ಜಗಳ ಆಡಲಿ? ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆದು ಬೆಳೆದವನು ನಾನು. ಅಲ್ಲಿ ಗುರಿ ತಪ್ಪಿದವನನ್ನೂ ಹೀಗೆ ಕೀಳಾಗಿ ನೋಡಿದ್ದು ನಾನು ಕಂಡಿಲ್ಲ. ಇನ್ನು ಆ ಅಂಗಡಿ ಮೆಟ್ಟಿಲು ತುಳಿಯೋದಿಲ್ಲ ಅಂತ ಕಾರಿನಲ್ಲೇ ಜೋರಾಗಿ ಹೇಳಿಕೊಂಡೆ. ಆದರೆ ಪ್ರೈಮರ್ (ತೋಟಾದ ಮದ್ದಿಗೆ ಬೆಂಕಿ ಹಚ್ಚೋ ಪುಟ್ಟ ಕ್ಯಾಪ್) ಮುಗಿಯುತ್ತಾ ಬಂದಿದೆ. ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯಕಾರಿ ಸಾಮಾನು ಅಂತ ಬೇರೆ ಶುಲ್ಕ ಹಾಕುತ್ತಾರೆ. ಹತ್ತಿರದಲ್ಲಿ ಇರೋದು ಅದೊಂದೇ ಅಂಗಡಿ. ಹೋಗಲೇಬೇಕು, ಅವನ ಮುಖ ನೋಡಲೇಬೇಕು. ಇಲ್ಲ, ಹೋಗಲ್ಲ. ಶುಲ್ಕ ಹೋದರೆ ಹೋಗಲಿ.

ಕೇಸ್‌ಗಳ ಕಥೆ ಬೇರೆ. ಪಿಪಿಸಿ ಕೇಸ್ ಮಾಡೋಕೆ ಬಳಸೋ 220 ರಷ್ಯನ್ ಕೇಸ್ ಒಂದೊಂದೂ ಡಾಲರ್‌ಗಿಂತ ಜಾಸ್ತಿ. ಅದನ್ನು 6 ಮಿಲಿಮೀಟರ್‌ಗೆ ಹಿಗ್ಗಿಸಿ, ಟ್ರಿಮ್ ಮಾಡಿ, ಅಳೆದು ಇಟ್ಟಿದ್ದೆ. ಶೋಲ್ಡರ್ ಮೇಲೆ ಗೀರು ಬಿದ್ದದ್ದನ್ನು ಹಾರಿಸೋ ಹಾಗಿಲ್ಲ, ಗೋಡೆ ತೆಳುವಾದ ಜಾಗದಲ್ಲೇ ಸೀಳಬಹುದು. ಇಕ್ಕಳದಲ್ಲಿ ಬಾಯಿ ಜಜ್ಜಿ ಗುಜರಿ ಡಬ್ಬಿಗೆ ಹಾಕಿದೆ. ಹಾಕುವಾಗ ಹೊಟ್ಟೆ ಉರಿಯಿತು. ಉಂಗುರ ಉಳಿದವು ಪಕ್ಕಕ್ಕಿವೆ. ಅವನ್ನು ಹಾಕಿದರೆ ಬೋಲ್ಟ್ ಮುಚ್ಚುವುದಿಲ್ಲ.

ಇಲ್ಲಿ ಪಿಪಿಸಿ ಹೊಡೆಯೋರು ಒಬ್ಬರಾದರೂ ಇದ್ದೀರಾ? ಇದ್ದರೆ ದಯವಿಟ್ಟು ಉತ್ತರ ಕೊಡಿ. ಪೊಟ್ಟಣದ ಮೇಲೆ 30 ಅಂತ ಇದ್ದು ಒಳಗೆ ಬೇರೆ ಬ್ಲೇಡ್ ಬಂದದ್ದು ನಿಮಗೂ ಆಗಿದೆಯಾ? ಮೂತಿಯ ಕೋನವನ್ನು ಮನೆಯಲ್ಲೇ ಸರಿಯಾಗಿ ಅಳೆಯೋದು ಹೇಗೆ? ಉಂಗುರ ಉಳಿದ ಕೇಸ್‌ಗಳಿಗೆ ಸರಿಯಾದ ಕಟರ್ ಹಾಕಿ ಇನ್ನೊಂದು ಸಲ ಹೆರೆದರೆ ಎರಡು ಕಡಿತ ಸೇರೋ ಕಡೆ ಮೆಟ್ಟಿಲು ಉಳಿಯುತ್ತಾ, ಅಥವಾ ಇವನ್ನೂ ಗುಜರಿಗೇ ಹಾಕಲಾ?