ಜಾಗಕ್ಕೆ ರೇಟ್ ಇಲ್ಲ ಮೇಡಂ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಸಕಲೇಶಪುರದ ಹತ್ತಿರದ ಒಂದು ಕ್ಯಾಂಪಿನಿಂದ ಗಾಡಿ ತಿರುಗಿಸಿಕೊಂಡು ಹೊರಟುಬಂದೆವು. ಕೊಟ್ಟ ದುಡ್ಡು ವಾಪಸ್ ಕೇಳಲಿಲ್ಲ. ಕೇಳಿದ್ದರೂ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಈಗ ಹಾಸನದ ದಾರಿಯ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಿವಿಯೊಳಗೆ ಇನ್ನೂ ಧಿಂ ಧಿಂ ಅನ್ನುತ್ತಿದೆ. ಬರಹ ಉದ್ದವಾಗುತ್ತದೆ, ತಾಳ್ಮೆ ಇದ್ದವರು ಓದಿ. ಸಿಟ್ಟು ಬಂದಾಗ ಚಿಕ್ಕದಾಗಿ ಬರೆಯೋದು ನನಗೆ ಬರಲ್ಲ.

ನಮ್ಮ ವ್ಯಾನಿನ ಪುರಾಣ ನಿಮಗೆಲ್ಲ ಗೊತ್ತೇ ಇದೆ. ನಾನು ಬ್ಯಾಂಕಿಗೆ ವಿಆರ್‌ಎಸ್ ಕೊಟ್ಟ ವರ್ಷವೇ ಇವರೂ ರಿಟೈರ್ ಆದರು. ಹಳೇ ಓಮ್ನಿಗೆ ಹಲಗೆ ಹೊಂದಿಸಿದೆವು, ಹಾಸಿಗೆ ಹಾಕಿದೆವು, ನನ್ನ ಹಳೇ ಕಾಟನ್ ಸೀರೆ ಹರಿದು ಕಿಟಕಿಗೆ ಪರದೆ ಕಟ್ಟಿದೆವು. ಸೀಟು ಕಿತ್ತೇ ಹಾಕೋಣ ಅಂದೆ. 'ಆರ್‌ಟಿಒದವರು ಹಿಡಿದರೆ ನೀನು ಬಿಡಿಸ್ಕೊಂಡು ಬರ್ತೀಯಾ?' ಅಂದರು. ಹಾಗಾಗಿ ರಾತ್ರಿ ಹಲಗೆ ಹಾಕು, ಬೆಳಗ್ಗೆ ತೆಗೆ. ಮೂರು ವರ್ಷದಿಂದ ಇದೇ ಸಂಸಾರ. ಮೈಸೂರಿನ ಮನೆಯಲ್ಲಿ ಇಷ್ಟು ಮಾತಾಡಿಕೊಂಡಿದ್ದೂ ಇಲ್ಲ, ಇಷ್ಟು ಜಗಳ ಆಡಿದ್ದೂ ಇಲ್ಲ.

ನಮಗೆ ಬೇಕಾದದ್ದು ನಾಲ್ಕೇ. ಗಾಡಿ ವಾಲದಷ್ಟು ಸಮ ನೆಲ. ಒಂದು ನಲ್ಲಿ. ಚಿಲಕ ಬೀಳುವ ಒಂದು ಟಾಯ್ಲೆಟ್. ರಾತ್ರಿ ಹತ್ತರ ಮೇಲೆ ಸದ್ದು ಬೇಡ. ಒಲೆ ನಮ್ಮದು, ಅಕ್ಕಿ ನಮ್ಮದು, ಹಾಸಿಗೆ ನಮ್ಮದು. ಇಷ್ಟಕ್ಕೆ ಬಾಡಿಗೆ ಎಷ್ಟು ಅಂತ ಮೊನ್ನೆ ಫೋನ್ ಮಾಡಿ ಕೇಳಿದೆ. ಆ ಕಡೆ ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

'ತಲೆಗೆ 1,800 ಮೇಡಂ. ರೈನ್ ಡ್ಯಾನ್ಸ್, ಡಿಜೆ, ಬಾರ್ಬೆಕ್ಯೂ, ಕ್ಯಾಂಪ್‌ಫೈರ್, ಮೂರು ಹೊತ್ತು ಊಟ ಎಲ್ಲಾ ಇನ್‌ಕ್ಲೂಡೆಡ್.'

'ಅದ್ಯಾವುದೂ ಬೇಡಪ್ಪ. ಗಾಡಿ ನಿಲ್ಲಿಸೋಕೆ ಜಾಗ ಸಾಕು. ಅದಕ್ಕೆ ಎಷ್ಟು?'

'ಜಾಗಕ್ಕೆ ರೇಟ್ ಇಲ್ಲ ಮೇಡಂ. ಪ್ಯಾಕೇಜ್‌ಗೆ ರೇಟ್.'

ಮೊನ್ನೆಯಿಂದ ಈ ಒಂದು ಮಾತನ್ನೇ ಅಗಿಯುತ್ತಿದ್ದೇನೆ. ಜಾಗಕ್ಕೆ ರೇಟ್ ಇಲ್ಲ! ಹೋಟೆಲಿಗೆ ಹೋಗಿ ಒಂದು ಕಾಫಿ ಕೇಳಿದರೆ, ಬರೀ ಕಾಫಿ ಇಲ್ಲ, ಮದುವೆ ಊಟದ ಜೊತೆಗಾದರೆ ಕೊಡ್ತೀವಿ ಅಂದ ಹಾಗಾಯ್ತು.

ಆದರೂ 3,600 ಕೊಟ್ಟೆವು. ಹೊಳೆ ದಂಡೆ ಅಂತ ಫೋಟೋ ಹಾಕಿದ್ದರು, ನನಗೆ ನೀರು ಕಂಡರೆ ಬುದ್ಧಿ ಕೆಲಸ ಮಾಡಲ್ಲ. ಹೋಗಿ ನೋಡಿದರೆ ಇಪ್ಪತ್ತೈದು ಟೆಂಟು, ಒಂದಕ್ಕೊಂದು ಅಂಟಿಕೊಂಡು, ಕಲ್ಯಾಣ ಮಂಟಪದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ. ಪಕ್ಕದ ಟೆಂಟಿನವನು ಮಗ್ಗುಲು ಬದಲಿಸಿದರೆ ಈ ಟೆಂಟಿನವನ ಕನಸು ಕೆಡಬೇಕು. ಹೊಳೆ ಇತ್ತು, ಸುಳ್ಳು ಹೇಳಬಾರದು. ಅದರ ಕಡೆಗೆ ಬೆನ್ನು ಹಾಕಿ ಆಳೆತ್ತರದ ಎರಡು ಸ್ಪೀಕರ್ ನಿಲ್ಲಿಸಿದ್ದರು.

ಆಮೇಲೆ ಆ ರೈನ್ ಡ್ಯಾನ್ಸ್. ಸ್ವಾಮಿ, ಸಕಲೇಶಪುರ! ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದೆ, ಒಗೆದ ಬಟ್ಟೆ ಒಣಗಿಸಲು ಒಲೆ ಮೇಲೆ ಹಗ್ಗ ಕಟ್ಟುವ ಸೀಮೆ. ಅಲ್ಲಿ ನವೆಂಬರಿನ ಚಳಿಯಲ್ಲಿ ತೂತು ಬಿದ್ದ ಪೈಪ್ ಕಟ್ಟಿ, ಬೋರ್‌ವೆಲ್ ನೀರು ಚಿಮುಕಿಸಿ, ಅದರ ಕೆಳಗೆ ಬೆಂಗಳೂರಿನ ಮಕ್ಕಳು ಕುಣಿಯುತ್ತಿದ್ದವು. ಬೇಲಿಯಾಚೆ ಕಾಫಿ ಹಣ್ಣು ಕೆಂಪಗೆ ತೂಗುತ್ತಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ.

ಹತ್ತು ಗಂಟೆಗೆ ನಿಲ್ಲಬಹುದು ಅಂದುಕೊಂಡೆ. ಹತ್ತೂಕಾಲಾಯ್ತು. ಹತ್ತೂಮುಕ್ಕಾಲಾಯ್ತು. ಹೋಗಿ ಕ್ಯಾಂಪಿನ ಹುಡುಗನಿಗೆ ಹೇಳಿದೆ. 'ಆಂಟಿ, ಇದು ಪ್ರೈವೇಟ್ ಪ್ರಾಪರ್ಟಿ' ಅಂದ. ಅಪ್ಪಾ, ಶಬ್ದ ಮಾಲಿನ್ಯದ ನಿಯಮ ಬಂದದ್ದು 2000ದಲ್ಲಿ. ಆಗ ನೀನು ಹುಟ್ಟಿದ್ದೆಯೋ ಇಲ್ಲವೋ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಮುಚ್ಚಿದ ಸಭಾಂಗಣವಾದರೆ ಬೇರೆ ಮಾತು, ನಿನ್ನ ತೋಟಕ್ಕೆ ಸೂರು ಎಲ್ಲಿದೆ? ಇದನ್ನೆಲ್ಲ ಅಲ್ಲಿ ಹೇಳಲಿಲ್ಲ. ವ್ಯಾನಿಗೆ ವಾಪಸ್ ಬಂದ ಮೇಲೆ ಪರದೆಗೆ ಹೇಳಿದೆ. ಅಷ್ಟರಲ್ಲಿ ಇವರ ಕಾಲ್ಬೆರಳು ಆ ಡಿಜೆಗೆ ತಾಳ ಹಾಕುತ್ತಿತ್ತು, ಕಣ್ಣಾರೆ ಕಂಡೆ. ಆ ವಿಚಾರ ದಾರಿಯಲ್ಲಿ ಇತ್ಯರ್ಥವಾಗಿದೆ.

ಈಗ ನೀವು ಕೇಳುತ್ತೀರಿ, ಗೊತ್ತು. ಪೋಸ್ಟ್ ಹಾಕಿದ ಐದು ನಿಮಿಷಕ್ಕೆ ನಮ್ಮ ಭಾವನವರ ಕಮೆಂಟ್ ಬರುತ್ತದೆ: ಇದೇನು ಅಮೆರಿಕನಾ, ಎಲ್ಲಿ ಬೇಕೋ ಅಲ್ಲಿ ಗಾಡಿ ನಿಲ್ಲಿಸಿ ಮಲಗೋಕೆ? ಆನೆ ಬರುತ್ತೆ. ಹೌದು, ಬರುತ್ತೆ. ಹಾಸನ, ಕೊಡಗಿನ ಕಡೆ ಆನೆಗಳಿಗೆ ರೇಡಿಯೊ ಕಾಲರ್ ಹಾಕಿ, ಎಲ್ಲಿ ಓಡಾಡುತ್ತಿವೆ ಅಂತ ತೋಟದವರ ಮೊಬೈಲಿಗೆ ಮೆಸೇಜ್ ಕಳಿಸುವಷ್ಟು ಆಗಿದೆ. ಅದಕ್ಕೇ ತಾನೇ ಕಾಡಂಚಿನಲ್ಲಿ ನಿಲ್ಲಿಸದೆ ಬೇಲಿ ಇರುವ ಜಾಗ ಹುಡುಕಿ, ಕೇಳಿದಷ್ಟು ಕೊಡುತ್ತೇವೆ ಅನ್ನೋದು? ಆನೆಗೂ ಪ್ಯಾಕೇಜಿಗೂ ಏನು ಸಂಬಂಧ? ಬಾರ್ಬೆಕ್ಯೂ ತಿಂದವರನ್ನು ಆನೆ ಮುಟ್ಟಲ್ವಾ?

ಇನ್ನೊಂದು ಮಾತೂ ಬರುತ್ತದೆ. ತೋಟದವರ ಹೊಟ್ಟೆಪಾಡು, ಮಳೆಗಾಲದಲ್ಲಿ ಜನ ಕಡಿಮೆ, ಬರೀ ಜಾಗ ಕೊಟ್ಟರೆ ಏನು ಗಿಟ್ಟುತ್ತೆ ಅಂತ. ನಿಜ ಇರಬಹುದು. ಆದರೆ ನಾನು ಪುಕ್ಕಟೆ ಕೇಳಲಿಲ್ಲವಲ್ಲ. ರಾತ್ರಿಗೆ 500 ಅನ್ನಿ, 700 ಅನ್ನಿ, ಕೊಡುತ್ತೇನೆ. ನನಗೆ ಅಡುಗೆ ಮಾಡಬೇಡಿ, ಹಾಸಿಗೆ ಹಾಸಬೇಡಿ, ಕುಣಿಸಬೇಡಿ. ಖರ್ಚೇ ಇಲ್ಲದ ಗಿರಾಕಿ ನಾನು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳಿಗೆ ಈ ಲೆಕ್ಕ ಯಾಕೋ ಇವತ್ತಿಗೂ ಹತ್ತುತ್ತಿಲ್ಲ.

ಅಮೆರಿಕದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಮಗಳ ಮನೆಗೆ ಹೋದಾಗ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದಳು. ಅಪ್ಪರ್ ಪೈನ್ಸ್ ಅನ್ನೋ ಕ್ಯಾಂಪು. ಐದು ತಿಂಗಳ ಮುಂಚೆ, ತಿಂಗಳ 15ನೇ ತಾರೀಕು ಬೆಳಗ್ಗೆ ಏಳಕ್ಕೆ ಬುಕಿಂಗ್ ತೆಗೆಯುತ್ತಾರೆ. ಮಗಳು ಒಂದು ಲ್ಯಾಪ್‌ಟಾಪ್, ಅಳಿಯ ಒಂದು ಲ್ಯಾಪ್‌ಟಾಪ್ ಹಿಡಿದು, ನಮ್ಮ ಕಡೆ ತತ್ಕಾಲ್ ಟಿಕೆಟ್‌ಗೆ ಕೂತ ಹಾಗೆ ಕೂತಿದ್ದರಂತೆ. ರಾತ್ರಿಗೆ 36 ಡಾಲರ್. ಅದೂ ತಲೆಗಲ್ಲ, ಜಾಗಕ್ಕೆ! ಆರು ಜನರವರೆಗೂ ಅಷ್ಟೇ. ಕೊಡುವುದು ಏನು? ನಂಬರ್ ಹಾಕಿದ ಒಂದು ಕಂಬ, ಒಂದು ಮರದ ಮೇಜು, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ, ತಿಂಡಿ ಇಡಲು ಕರಡಿಗೆ ತೆಗೆಯಲಾಗದ ಕಬ್ಬಿಣದ ಪೆಟ್ಟಿಗೆ. ಟೂತ್‌ಪೇಸ್ಟ್ ಕೂಡ ಅದರೊಳಗೇ ಇಡಬೇಕು, ಕರಡಿಗೆ ಅದರ ವಾಸನೆಯೂ ಊಟವೇ. ಸ್ನಾನದ ಮನೆ ಆ ಕ್ಯಾಂಪಿನಲ್ಲಿ ಇರಲಿಲ್ಲ. ಮೂರು ದಿನ ಮುಖ ತೊಳೆದುಕೊಂಡೇ ಕಳೆದೆ, ಅಮ್ಮ ಇದ್ದಿದ್ದರೆ ಒಳಗೆ ಸೇರಿಸುತ್ತಿರಲಿಲ್ಲ. ಎಲ್ಲ ಚೆನ್ನಾಗಿತ್ತು ಅಂತ ನಾನೇನೂ ಹೇಳುತ್ತಿಲ್ಲ.

ಆದರೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಅಲ್ಲಿ ಗಲಾಟೆ ಮಾಡುವ ಹಾಗಿಲ್ಲ. ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ, ಮಗಳು ಓದಿದರೆ ನಗುತ್ತಾಳೆ. ಮೊದಲ ರಾತ್ರಿ ಹತ್ತೂಕಾಲಿಗೆ ಆ ಕ್ಯಾಂಪಿನಲ್ಲಿ ಗದ್ದಲ ಮಾಡುತ್ತಿದ್ದವರು ನಾವೇ. ಪಕ್ಕದ ಜಾಗದಲ್ಲಿ ಮಗಳ ಕನ್ನಡ ಗೆಳೆಯರಿದ್ದರು, ಎಲ್ಲ ಸೇರಿ ಅಂತ್ಯಾಕ್ಷರಿ. 'ಮ' ಅಕ್ಷರ ನನ್ನ ಪಾಲಿಗೆ ಬಂದಿತ್ತು, ಗಂಟಲು ಬಿಟ್ಟು ಹಾಡುತ್ತಿದ್ದೆ. ಟಾರ್ಚ್ ಹಿಡಿದು ಒಬ್ಬ ಬಿಳಿ ತಲೆಯ ಹೆಂಗಸು ಬಂದಳು. ಕ್ಯಾಂಪ್ ಹೋಸ್ಟ್ ಅಂತೆ. ಈ ಕೆಲಸ ಮಾಡುವವರು ಎಷ್ಟೋ ಕಡೆ ನಮ್ಮಂಥ ರಿಟೈರ್ಡ್ ಗಂಡ ಹೆಂಡತಿಯೇ. ಅವರ ಗಾಡಿ ನಿಲ್ಲಿಸಿಕೊಳ್ಳಲು ಜಾಗ ಸಿಗುತ್ತದೆ, ಬದಲಿಗೆ ಕ್ಯಾಂಪಿನ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಅವಳು ಬೈಯಲಿಲ್ಲ. ಗಡಿಯಾರ ತೋರಿಸಿದಳು, ನಕ್ಕಳು, ಹೋದಳು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ನಿನ್ನೆಯ ಹುಡುಗರ ಮೇಲೆ ಇಷ್ಟೊಂದು ಕೂಗಾಡುತ್ತಿರುವುದರಲ್ಲಿ ಆ ರಾತ್ರಿಯ ನಾಚಿಕೆಯ ಪಾಲೂ ಇರಬಹುದು. ಇರಲಿ. ನಾನು ತಕ್ಷಣ ಬಾಯಿ ಮುಚ್ಚಿದ್ದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಮೆರಿಕ ಬಿಡಿ, ಪಕ್ಕದ ಕೇರಳದವರು 2021ರಲ್ಲಿ ಕ್ಯಾರವಾನ್, ಅಂದರೆ ಒಳಗೇ ಮಲಗುವಂಥ ಗಾಡಿಗಳ ಪ್ರವಾಸಕ್ಕೆ ಒಂದು ನೀತಿಯನ್ನೇ ತಂದರು. ಅರ್ಧ ಎಕರೆ, ಐದು ಗಾಡಿ ನಿಲ್ಲುವಷ್ಟು ಜಾಗ ಇದ್ದರೆ ಕ್ಯಾರವಾನ್ ಪಾರ್ಕ್ ಮಾಡಬಹುದು ಅಂತ. ಓದಿ ಕುಣಿದಾಡಿದೆ. ಮುಂದೆ ಓದಿದರೆ ಏಸಿ, ಫ್ರಿಜ್, ಮೈಕ್ರೋವೇವ್ ಇರುವ ಗಾಡಿಗಳ ಮಾತು. ನಮ್ಮ ಓಮ್ನಿಯಲ್ಲಿ ಇರುವ ಏಸಿ ಅಂದರೆ ಮುಚ್ಚಿಕೊಳ್ಳದ ಎಡಗಡೆ ಕಿಟಕಿ.

ನನಗೆ ಉರಿಯೋದು ಯಾಕೆ ಗೊತ್ತಾ? ಇದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ನಮ್ಮಜ್ಜ ಚುಂಚನಕಟ್ಟೆ ದನಗಳ ಜಾತ್ರೆಗೆ ಪ್ರತಿ ಸಂಕ್ರಾಂತಿ ಸಮಯಕ್ಕೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಕತ್ತಲಾದರೆ ಗುಂಡುತೋಪಿನಲ್ಲಿ ಗಾಡಿ ಬಿಡುವುದು. ಹಳೇ ಮೈಸೂರು ಕಡೆ ಊರೂರಿಗೆ ಗುಂಡುತೋಪು ಇತ್ತು. ಮಾವು, ನೇರಳೆ, ಹೊಂಗೆ, ಹುಣಸೆ. ಮರದ ನೆರಳು, ಹತ್ತಿರ ಕೆರೆಯೋ ಬಾವಿಯೋ, ಮೂರು ಕಲ್ಲಿಟ್ಟರೆ ಒಲೆ, ಗಾಡಿ ಕೆಳಗೆ ಹುಲ್ಲು ಹಾಸಿದರೆ ಹಾಸಿಗೆ. ಯಾರೂ 'ಪ್ಯಾಕೇಜ್ ಯಾವುದು ಯಜಮಾನ್ರೇ' ಅನ್ನಲಿಲ್ಲ. ಜಾತ್ರೆಗೆ ಅಜ್ಜಿಯೂ ಹೋಗಿದ್ದಳು ಒಂದು ಸಲ. ಅವರಿಬ್ಬರೇ ಒಟ್ಟಿಗೆ ಮಾಡಿದ ಪ್ರಯಾಣ ಇಡೀ ಬಾಳಿನಲ್ಲಿ ಅದೊಂದೇ. ಆ ತೋಪಿನ ರಾತ್ರಿ, ಬೆಳದಿಂಗಳು, ಎತ್ತಿನ ಗಂಟೆ ಸದ್ದು, ಇದನ್ನು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ಈ ವ್ಯಾನಿನ ಹುಚ್ಚು ನನಗೆ ಎಲ್ಲಿಂದ ಬಂತು ಅಂತ ಕೇಳಿದ್ದಿರಲ್ಲ, ಅಲ್ಲಿಂದ ಬಂತು. ನಮ್ಮೂರಿನ ತೋಪು ಈಗಿಲ್ಲ. ಅಲ್ಲಿ ಸೈಟಾಗಿದೆ. ಕಲ್ಲು ನೆಟ್ಟು ನಂಬರ್ ಬರೆದಿದ್ದಾರೆ, ಯೊಸೆಮಿಟಿಯ ಹಾಗೇ!

ಹಾಗಾಗಿ ಮೂರು ವರ್ಷದ ಅನುಭವದಲ್ಲಿ ನಮಗೆ ಸಿಕ್ಕ ಒಳ್ಳೆಯ ಕ್ಯಾಂಪು ಯಾವುದು ಅಂದರೆ ಪೆಟ್ರೋಲ್ ಬಂಕು. ನಗಬೇಡಿ. ರಾತ್ರಿಯಿಡೀ ದೀಪ ಇರುತ್ತದೆ, ಯಾರಾದರೂ ಎದ್ದಿರುತ್ತಾರೆ. ಕುಡಿಯುವ ನೀರು, ಟಾಯ್ಲೆಟ್, ಚಕ್ರಕ್ಕೆ ಗಾಳಿ ಪುಕ್ಕಟೆ ಕೊಡಬೇಕು ಅಂತ ಬಂಕಿನವರಿಗೆ ನಿಯಮವೇ ಇದೆ. ಟಾಯ್ಲೆಟ್ಟಿನ ಬೀಗದ ಕೈ ಮ್ಯಾನೇಜರ್ ಹತ್ತಿರ ಇರುತ್ತದೆ, ಅವರು ಊಟಕ್ಕೆ ಹೋಗಿರುತ್ತಾರೆ, ಅದು ಬೇರೆ ಕಥೆ. ಇವರಿಗೇನು, ಮರ ಕಂಡರೆ ಕೆಲಸ ಮುಗಿಯಿತು. ನಾನು ಸಂಜೆ ಐದರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಗಾಡಿ ಓಡಿಸಿಕೊಂಡು ಊರು ಸುತ್ತುತ್ತೀನಿ ಅಂತ ಹೊಗಳುವ ಹೆಂಗಸರೆಲ್ಲ ಇದನ್ನೂ ಸ್ವಲ್ಪ ಯೋಚಿಸಿ.

ರಾತ್ರಿ ಹನ್ನೆರಡೂವರೆಗೆ ಇಲ್ಲಿ ಬಂದು ನಿಲ್ಲಿಸಿದಾಗ ಪಕ್ಕದಲ್ಲಿ ಎರಡು ಲಾರಿ ಇದ್ದವು. ಡ್ರೈವರ್ ಒಬ್ಬರು ಲಾರಿಯ ಮರೆಯಲ್ಲಿ ಸ್ಟೌ ಹಚ್ಚಿ ಅನ್ನಕ್ಕೆ ಇಟ್ಟಿದ್ದರು. ಸಮ ನೆಲ, ನೀರು, ಒಲೆ, ಸದ್ದಿಲ್ಲ. ನಾನು ಬೇಡುತ್ತಿರುವ ಬದುಕನ್ನು ಅವರು ಯಾವ ಪ್ಯಾಕೇಜೂ ಇಲ್ಲದೆ ಬದುಕುತ್ತಿದ್ದರು. ಉಪ್ಪಿನಕಾಯಿ ಇದೆಯಾಮ್ಮ ಅಂದರು. ಕೊಟ್ಟೆ. ಬೆಳಗ್ಗೆ ಏಳುವಷ್ಟರಲ್ಲಿ ಲಾರಿ ಹೊರಟುಹೋಗಿತ್ತು. ಬಾಟಲಿ ತೊಳೆದು ನಮ್ಮ ವ್ಯಾನಿನ ಬಂಪರ್ ಮೇಲೆ ಇಟ್ಟಿದ್ದರು.

ಬಂಕಿನ ಹುಡುಗ ಈಗ ತಾನೇ ಬಂದು, 'ಇಬ್ರೇನಾ ಅಮ್ಮ? ಮಕ್ಕಳು ಬರಲಿಲ್ವಾ?' ಅಂತ ಕೇಳಿ ಹೋದ. ಎಲ್ಲಿ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಅದಕ್ಕೆ ಇನ್ನೊಂದು ಪೋಸ್ಟ್ ಬೇಕು, ಇವತ್ತಿನ ಸಿಟ್ಟು ಇಷ್ಟಕ್ಕೇ ಖರ್ಚಾಗಿದೆ.

ಮುಂದಿನ ವಾರ ಸಾಗರದ ಕಡೆ ಹೊರಟಿದ್ದೇವೆ. ಆ ಕಡೆ ಯಾರ ಮನೆಯಲ್ಲಾದರೂ ಅಂಗಳ ಇದ್ದರೆ, ಒಂದು ನಲ್ಲಿ, ಚಿಲಕ ಬೀಳುವ ಒಂದು ಟಾಯ್ಲೆಟ್ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ರೇಟ್ ನೀವೇ ಹೇಳಿ. ಬೆಳಗ್ಗೆ ಉಪ್ಪಿಟ್ಟು ನಾನೇ ಮಾಡುತ್ತೇನೆ, ನಿಮಗೂ ಸೇರಿಸಿ. ಕ್ಯಾಂಪ್‌ಫೈರ್ ಬೇಡ.