ಜೊಂಡು ಅಂದ್ರೆ ಕಸ ಅಲ್ಲ

ನಾನೀಗ ಇರುವುದು ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ. ಇಲ್ಲಿನ ಜೊಂಡಿನೊಳಗೆ ಬಿಟರ್ನ್ ಎಂಬ ಬಕವಿದೆ. ಮೈಯೆಲ್ಲ ಒಣ ಜೊಂಡಿನದೇ ಬಣ್ಣ. ಅನುಮಾನ ಬಂದರೆ ಕೊಕ್ಕು ಮೇಲೆತ್ತಿ ನಿಂತುಬಿಡುತ್ತದೆ. ಗಾಳಿಗೆ ಜೊಂಡು ತೂಗಿದರೆ ತಾನೂ ತೂಗುತ್ತದೆ. ಮೂರು ಚಳಿಗಾಲ ಕಾದ ನನಗೆ ಅದು ಕಂಡದ್ದು ಒಟ್ಟು ಹತ್ತು ಸೆಕೆಂಡ್ ಇರಬಹುದು.

ಕಾಣದ ಹಕ್ಕಿಯನ್ನು ಇಲ್ಲಿನವರು ಕೂಗಿನಿಂದಲೇ ಎಣಿಸುತ್ತಾರೆ. ಖಾಲಿ ಸೀಸೆಯ ಬಾಯಿಗೆ ಊದಿದಂಥ ದನಿ, ಕಿಲೋಮೀಟರುಗಟ್ಟಲೆ ಕೇಳಿಸುತ್ತದೆ. 1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಕೂಗುವ ಗಂಡು ಉಳಿದದ್ದು 11 ಮಾತ್ರ. ಇವರೇನು ಸಾಚಾ ಅಲ್ಲ ಬಿಡಿ. ಹತ್ತೊಂಬತ್ತನೇ ಶತಮಾನದಲ್ಲಿ ಜವುಗು ಬಸಿದು, ಗುಂಡಿಕ್ಕಿ ಈ ಹಕ್ಕಿಯನ್ನು ಒಮ್ಮೆ ಮುಗಿಸಿದವರೂ ಇವರೇ. ಆದರೆ ಆಮೇಲೆ ಇಲ್ಲೇ ಸಾಮರ್ಸೆಟ್‌ನ ಹ್ಯಾಮ್ ವಾಲ್‌ನಲ್ಲಿ ಜವುಗುಮಣ್ಣು ಅಗೆದು ಬಿಟ್ಟ ಗುಂಡಿಗಳಿಗೆ ನೀರು ತುಂಬಿಸಿ ಜೊಂಡು ನೆಟ್ಟರು. ಸುಮ್ನೆ ಬೆಳೆಯಲು ಬಿಟ್ಟರೆ ಜೊಂಡು ಹೂಳು ಕಟ್ಟಿ ಒಣಗುತ್ತದೆ, ಹಾಗಾಗಿ ಕೊಯ್ಯುತ್ತಾರೆ. ಆದರೆ ಒಂದು ವರ್ಷ ಈ ತುಂಡು, ಇನ್ನೊಂದು ವರ್ಷ ಆ ತುಂಡು.

ನಮ್ಮ ಕಡೆ ಇದರ ಸಣ್ಣ ದಾಯಾದಿಗಳಿವೆ, ಹಳದಿ ಬಿಟರ್ನ್, ಕೆಂಪು ಬಿಟರ್ನ್. ಮಳೆ ನೋಡಿ ಕೆರೆ ಬದಲಿಸುತ್ತವೆ. ಕಳೆದ ಸೆಪ್ಟೆಂಬರ್‌ನಲ್ಲಿ ಧಾರವಾಡಕ್ಕೆ ಬಂದಾಗ ಬೈನಾಕ್ಯುಲರ್ ಹಿಡಿದು ನಮ್ಮ ಮನೆ ಹತ್ತಿರದ ಕೆರೆಗೆ ಹೋದೆ. ಸುತ್ತ ಕಲ್ಲು ಕಟ್ಟಿದ್ದರು, ವಾಕಿಂಗ್ ದಾರಿ, ದೀಪ. ಜೊಂಡು, ಆಪು ಎಲ್ಲವನ್ನೂ ಜೆಸಿಬಿ ಹಚ್ಚಿ ಎತ್ತಿ ಹಾಕಿದ್ದರು.

ಗಾಳ ಹಾಕಿ ಕೂತಿದ್ದ ಅಜ್ಜ ಕೇಳಿದರು, "ಏನ್ ಹುಡಕಾಕತ್ತೀಯೋ ತಮ್ಮಾ? ಹಕ್ಕಿ ನೋಡೂದಿದ್ರ ಚಳಿಗಾಲದಾಗ ಮಾಗಡಿಗೆ ಹೋಗು."

ಮಾತು ಸರಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಸಾವಿರಗಟ್ಟಲೆ ಬರುತ್ತವೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೂ ಸೇರಿತು, ನನಗೂ ಹೆಮ್ಮೆ. ಬಾತು ಬಯಲಲ್ಲಿ ಕೂರುತ್ತದೆ, ಎಲ್ಲರಿಗೂ ಕಾಣುತ್ತದೆ. ಅಡಗಿ ಬದುಕುವ ಹಕ್ಕಿಗೆ ಅಡಗಲು ಜಾಗ ಬೇಕಲ್ವಾ? ಅದನ್ನೇ ನಾವು ಕಸ ಅಂತೀವಿ.

"ಜೊಂಡಿನಾಗ ಇರೂ ಬಕ ಅಜ್ಜಾರ" ಅಂದೆ.

ಅವರು ಕೋಡಿಯ ಕಡೆ ಕೈ ತೋರಿದರು. ಜೆಸಿಬಿ ಇಳಿಯಲಾಗದ ರಾಡಿಯಲ್ಲಿ ಎರಡು ಮಂಚದಷ್ಟು ಜೊಂಡು ಉಳಿದಿತ್ತು. ಕತ್ತಲಾಗುವ ಹೊತ್ತಿಗೆ ಅಲ್ಲೊಂದು ಹಳದಿ ಬಿಟರ್ನ್, ಎರಡು ದಂಟಿಗೆ ಒಂದೊಂದು ಕಾಲು ಕೊಟ್ಟು ನಿಂತಿತ್ತು.